ಮುಟ್ಟು ನಿಂತ ಮೇಲಿನ ಒಣಕಣ್ಣು: ಮನೆಯಲ್ಲಿ ಏನು ಮಾಡಬೇಕು, ಡಾಕ್ಟರ ಹತ್ತಿರ ಏನು ಕೇಳಬೇಕು

ಮೈಸೂರು, ಮಂಡ್ಯ ಕಡೆ ಐವತ್ತು ದಾಟಿದ ಹೆಂಗಸರು ನಾಲ್ಕು ಜನ ಒಂದು ಕಡೆ ಕೂತರೆ ಮಂಡಿನೋವಿನ ಮಾತು ಬರುತ್ತೆ, ಸಕ್ಕರೆ ಕಾಯಿಲೆಯ ಮಾತು ಬರುತ್ತೆ. ಕಣ್ಣಿನ ಮಾತು ಬರುವುದು ಕಮ್ಮಿ. ಆದರೆ ಅವರ ಸೆರಗಿನ ತುದಿಯನ್ನು ಸ್ವಲ್ಪ ಗಮನಿಸಿ. ಮಾತಿನ ಮಧ್ಯೆ ಅದು ಪದೇ ಪದೇ ಕಣ್ಣಿಗೆ ಹೋಗುತ್ತಿರುತ್ತೆ. ಕೇಳಿದರೆ "ಏನಿಲ್ಲ ಕಣಮ್ಮ, ಗಾಳಿಗೆ ನೀರು ಬರುತ್ತೆ, ವಯಸ್ಸಾಯ್ತಲ್ಲ" ಅಂತ ಮಾತು ಮುಗಿಸುತ್ತಾರೆ.

ವಯಸ್ಸು ಒಂದು ಕಾರಣ, ನಿಜ. ಆದರೆ ಅದೊಂದೇ ಅಲ್ಲ. ಮುಟ್ಟು ನಿಲ್ಲುವ ಹೊತ್ತಿಗೆ ಮೈಯಲ್ಲಿ ಆಗುವ ಬದಲಾವಣೆ ಕಣ್ಣಿನವರೆಗೂ ಹೋಗುತ್ತೆ. ಬಿಸಿ ಅಲೆ ಬಂದು ಮೈ ಬೆವರುವುದು ಎಲ್ಲರಿಗೂ ಗೊತ್ತು. ಕಣ್ಣೂ ಒಣಗುತ್ತೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗೊತ್ತಾದವರೂ ಮೆಡಿಕಲ್ ಶಾಪಿನಿಂದ ಒಂದು ಡ್ರಾಪ್ಸ್ ತಂದು ಹಾಕಿಕೊಂಡು ಸುಮ್ಮನಾಗುತ್ತಾರೆ. ಹೆಚ್ಚಿನವರಿಗೆ ತೊಂದರೆ ಇರುವುದು ರೆಪ್ಪೆಯ ಅಂಚಿನಲ್ಲಿ. ಅಲ್ಲಿ ದಿನಾ ಸ್ವಲ್ಪ ಕೆಲಸ ಮಾಡದೆ ಡ್ರಾಪ್ಸ್ ಒಂದನ್ನೇ ನಂಬಿದರೆ ಬಾಟಲಿ ಖಾಲಿಯಾಗುತ್ತೆ, ಉರಿ ಹಾಗೇ ಉಳಿಯುತ್ತೆ. ಈ ಬರಹದಲ್ಲಿ ಆ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಳಗೆ ಏನಾಗುತ್ತಿದೆ

ಕಣ್ಣೀರು ಅಂದರೆ ಬರೀ ನೀರಲ್ಲ. ಕಣ್ಣಿನ ಮೇಲೆ ಯಾವಾಗಲೂ ಒಂದು ತೆಳ್ಳನೆಯ ಪದರ ಇರುತ್ತೆ. ಅದರ ತಳದಲ್ಲಿ ಲೋಳೆ, ಮಧ್ಯದಲ್ಲಿ ನೀರು, ಮೇಲೆ ಎಣ್ಣೆ. ಲೋಳೆ ನೀರನ್ನು ಕಣ್ಣಿಗೆ ಹಿಡಿದಿಡುತ್ತೆ. ಎಣ್ಣೆ ಆ ನೀರು ಆರಿಹೋಗದಂತೆ ತಡೆಯುತ್ತೆ.

ಈ ಎಣ್ಣೆ ಬರುವುದು ರೆಪ್ಪೆಯ ಒಳಗಿರುವ ಸಣ್ಣ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ 30ರ ಆಸುಪಾಸು, ಕೆಳಗಿನದರಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿ. ಕೂದಲು ಹುಟ್ಟುವ ಸಾಲಿನ ಹಿಂದೆಯೇ ಇವುಗಳ ಬಾಯಿ ಇರುತ್ತೆ. ಜರ್ಮನಿಯ ವೈದ್ಯ ಹೈನ್‌ರಿಕ್ ಮೈಬೋಮ್ 1666ರಲ್ಲಿ ಇವನ್ನು ವಿವರಿಸಿದ್ದರಿಂದ ಡಾಕ್ಟರುಗಳು ಮೈಬೋಮಿಯನ್ ಗ್ರಂಥಿ ಅಂತಾರೆ. ನಾವು ಎಣ್ಣೆ ಗ್ರಂಥಿ ಅನ್ನೋಣ.

ಈ ಗ್ರಂಥಿಗಳು ಸರಿಯಾಗಿ ಕೆಲಸ ಮಾಡಲು ಆಂಡ್ರೋಜನ್ ಅನ್ನುವ ಹಾರ್ಮೋನು ಬೇಕು. ಅದನ್ನು ಗಂಡಸರ ಹಾರ್ಮೋನು ಅಂತ ಕರೆಯುವುದು ರೂಢಿ, ಆದರೆ ಹೆಂಗಸರ ಮೈಯಲ್ಲೂ ಇರುತ್ತೆ. ವಯಸ್ಸಾದ ಹಾಗೆ, ಮುಟ್ಟು ನಿಲ್ಲುವ ಹೊತ್ತಿಗೆ ಅದು ಇಳಿದಿರುತ್ತೆ. ಈಸ್ಟ್ರೋಜನ್ನೂ ಇಳಿಯುತ್ತೆ. ಆಗ ಎಣ್ಣೆ ಗಟ್ಟಿಯಾಗುತ್ತೆ, ಗ್ರಂಥಿಯ ಬಾಯಿ ಕಟ್ಟಿಕೊಳ್ಳುತ್ತೆ. ಎಣ್ಣೆ ಇಲ್ಲದ ಕಣ್ಣೀರು ಬೇಗ ಆರುತ್ತೆ. ಕೆಲವರಿಗೆ ಇದರ ಜೊತೆಗೆ ನೀರು ಬರುವುದೂ ಕಮ್ಮಿಯಾಗಿರುತ್ತೆ.

ಮುಟ್ಟು ಸತತವಾಗಿ 12 ತಿಂಗಳು ಬಾರದಿದ್ದರೆ ನಿಂತಿತು ಅಂತ ಲೆಕ್ಕ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 46-47ರ ಆಸುಪಾಸಿನಲ್ಲಿ ನಿಲ್ಲುತ್ತೆ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿದವರಿಗೆ ಆಪರೇಷನ್ ಆದ ದಿನದಿಂದಲೇ ಹಾರ್ಮೋನು ದಿಢೀರನೆ ಇಳಿಯುತ್ತೆ. ಹಳ್ಳಿ ಕಡೆ ಮೂವತ್ತೈದು ನಲವತ್ತಕ್ಕೇ ಗರ್ಭಕೋಶ ತೆಗೆಸಿಕೊಂಡವರು ಸಿಗುತ್ತಾರೆ. ಅಂಥವರಿಗೆ "ನನಗಿನ್ನೂ ವಯಸ್ಸಾಗಿಲ್ಲವಲ್ಲ, ಕಣ್ಣು ಯಾಕೆ ಹೀಗೆ" ಅನ್ನಿಸಬಹುದು. ಆಪರೇಷನ್ನಿನಲ್ಲಿ ಏನೇನು ತೆಗೆದಿದ್ದಾರೆ ಅಂತ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಕಣ್ಣಿನ ಡಾಕ್ಟರಿಗೂ ತೋರಿಸಿ.

ಹೆಜ್ಜೆ 1: ಇದು ಒಣಕಣ್ಣೇ ಹೌದಾ?

ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುವುದು, ಉರಿ, ಕೆಂಪು, ರೆಪ್ಪೆ ಭಾರ, ಓದುತ್ತಾ ಓದುತ್ತಾ ಅಕ್ಷರ ಮಂಜಾಗಿ ಎರಡು ಸಲ ರೆಪ್ಪೆ ಬಡಿದರೆ ಮತ್ತೆ ಸರಿಯಾಗುವುದು, ಇವೆಲ್ಲ ಇದರ ಗುರುತು. ಸುಮ್ನೆ ಕೂತಾಗ ಕಣ್ಣೀರು ಸುರಿಯುವುದೂ ಒಣಕಣ್ಣೇ ಇರಬಹುದು. ಇದನ್ನು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. "ನೀರು ಧಾರಾಕಾರ ಬರ್ತಿದೆ, ಒಣಗಿದೆ ಅಂತೀರಲ್ಲ" ಅಂತ ಜಗಳಕ್ಕೇ ಬರುತ್ತಾರೆ. ಕಣ್ಣಿನ ಮೇಲ್ಮೈ ಒಣಗಿ ಕೆರಳಿದಾಗ, ಈರುಳ್ಳಿ ಹೆಚ್ಚುವಾಗ ಬರುತ್ತದಲ್ಲ, ಅದೇ ನೀರು ಬರುತ್ತೆ. ಅದರಲ್ಲಿ ಕಣ್ಣಿಗೆ ಅಂಟಿ ನಿಲ್ಲುವ ಗುಣ ಇಲ್ಲ. ಕೆನ್ನೆ ಮೇಲೆ ಹರಿದು ಹೋಗುತ್ತೆ ಅಷ್ಟೇ.

ಯಾವ ಹೊತ್ತಿನಲ್ಲಿ ಜಾಸ್ತಿ ಅಂತ ಗಮನಿಸಿ. ಬೆಳಗ್ಗೆ ಏಳುವಾಗಲೇ ರೆಪ್ಪೆ ಅಂಟಿಕೊಂಡು ಉರಿಯುತ್ತಿದ್ದರೆ ಎಣ್ಣೆ ಗ್ರಂಥಿಯ ತೊಂದರೆ ಇರಬಹುದು, ಇಲ್ಲವೇ ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚದೇ ಇರಬಹುದು. ಮನೆಯವರಿಗೆ ಹೇಳಿ, ನೀವು ಮಲಗಿದ ಮೇಲೆ ಟಾರ್ಚ್ ಇಲ್ಲದೆ ಸಣ್ಣ ಬೆಳಕಿನಲ್ಲಿ ನೋಡಲಿ, ರೆಪ್ಪೆಯ ನಡುವೆ ಬಿಳಿ ಗೆರೆ ಕಾಣುತ್ತಾ ಅಂತ. ಬೆಳಗ್ಗೆ ಚೆನ್ನಾಗಿದ್ದು ಸಾಯಂಕಾಲ ಆಗುತ್ತಾ ಹೆಚ್ಚಾದರೆ ನೀರೇ ಕಮ್ಮಿ ಇರುವ ಸಾಧ್ಯತೆ ಜಾಸ್ತಿ. ಇದರಿಂದಲೇ ರೋಗ ತೀರ್ಮಾನ ಆಗುವುದಿಲ್ಲ, ಆದರೆ ಡಾಕ್ಟರಿಗೆ ಹೇಳಲು ಒಂದು ಒಳ್ಳೆಯ ಮಾಹಿತಿ.

ಈಗ ಮುಖ್ಯ ವಿಷಯ. ಕೆಳಗಿನ ಯಾವುದಾದರೂ ಇದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ.

- ಕಣ್ಣಿನಲ್ಲಿ ಜೋರು ನೋವು, ಬೆಳಕು ನೋಡಲಾಗದ ಸ್ಥಿತಿ, ಅಥವಾ ದಿಢೀರನೆ ದೃಷ್ಟಿ ಕಮ್ಮಿಯಾಗುವುದು.
- ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಜೊತೆಗೆ ತಲೆನೋವು, ವಾಂತಿ. ಇದು ಕಣ್ಣಿನ ಒತ್ತಡ ಏರಿದ ಗುರುತು. ಈ ವಯಸ್ಸಿನ ಹೆಂಗಸರಲ್ಲಿ ಇದು ಗಂಡಸರಿಗಿಂತ ಜಾಸ್ತಿ.
- ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ.
- ಕಬ್ಬಿನ ಗರಿ ಹೊಡೆದ ಮೇಲೆ, ಭತ್ತದ ಹೊಟ್ಟು ಬಿದ್ದ ಮೇಲೆ ಶುರುವಾದ ಉರಿ.

ಕೊನೆಯದನ್ನು ಮಂಡ್ಯದವರು ಎರಡು ಸಲ ಓದಿ. ಕಬ್ಬಿನ ಗರಿಯ ಅಂಚು ಎಷ್ಟು ಹರಿತ ಅಂತ ಗದ್ದೆಗೆ ಇಳಿದವರಿಗೆ ಹೇಳಬೇಕಿಲ್ಲ. ಅದು ಕಪ್ಪು ಗುಡ್ಡೆಯ ಮೇಲಿನ ಗಾಜಿನಂಥ ಪದರವನ್ನು, ಅಂದರೆ ಕಾರ್ನಿಯಾವನ್ನು, ಗೀರಿದರೆ ಫಂಗಸ್ ಸೇರಿ ಹುಣ್ಣಾಗಬಹುದು. ಆಗ ಒಂದು ವಾರ ಕಾದು ನೋಡೋಣ ಅಂದರೆ ಕಣ್ಣೇ ಹೋಗಬಹುದು. ಅದಕ್ಕೆ ಮನೆಮದ್ದು ಯಾವುದೂ ಇಲ್ಲ.

ಹೆಜ್ಜೆ 2: ಮೊದಲು ಬಿಡಬೇಕಾದದ್ದು ಬಿಡಿ

ಸೆರಗಿನಿಂದ ಒರೆಸುವುದನ್ನು ಬಿಡಿ. ಅಡುಗೆಮನೆಯ ಖಾರ, ಕೈ ಒರೆಸಿದ ಎಣ್ಣೆ, ರಸ್ತೆಯ ದೂಳು ಎಲ್ಲ ಅದರಲ್ಲೇ ಇರುತ್ತೆ. ಅದಕ್ಕಿಂತ ಹೆಚ್ಚಾಗಿ, ಒರೆಸುವಾಗ ಉಜ್ಜುತ್ತೀರಿ. ಒಗೆದು ಒಣಗಿಸಿದ ಸಣ್ಣ ಕರ್ಚೀಫು ಬೇರೆ ಇಟ್ಟುಕೊಳ್ಳಿ. ಕೆನ್ನೆ ಮೇಲೆ ಒತ್ತಿ ತೆಗೆಯಿರಿ, ಕಣ್ಣಿನ ಒಳಗೆ ಹೋಗಬೇಡಿ.

ಉರಿ ಬಂದಾಗಲೆಲ್ಲ ನಲ್ಲಿ ಹತ್ತಿರ ಹೋಗಿ ಕಣ್ಣು ತೆರೆದು ನೀರು ಎರಚಿಕೊಳ್ಳುವುದನ್ನೂ ಬಿಡಿ. ಆ ಕ್ಷಣಕ್ಕೆ ಹಾಯೆನಿಸುತ್ತೆ. ಇದ್ದಬದ್ದ ಎಣ್ಣೆ, ಲೋಳೆ ತೊಳೆದುಹೋಗಿ ಐದು ನಿಮಿಷಕ್ಕೆ ಮತ್ತೆ ಉರಿ. ಕಣ್ಣು ಮುಚ್ಚಿಕೊಂಡು ಮುಖ ತೊಳೆಯಿರಿ, ಸಾಕು.

ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ, ಎದೆಹಾಲು, ಪನ್ನೀರು ಇವು ಯಾವುದನ್ನೂ ಕಣ್ಣಿಗೆ ಹಾಕಬೇಡಿ. ನಮ್ಮ ಅಜ್ಜಿಯರ ಕಾಲದಿಂದ ಬಂದದ್ದು ಅಂತ ಬೇಜಾರಾಗಬಹುದು. ನಂದಿಬಟ್ಟಲು ಹೂವು ದೇವರಿಗೆ ಚೆಂದ. ಅಂಗಳದಲ್ಲಿ ಕಿತ್ತು ಕೈಯಲ್ಲಿ ಹಿಂಡಿದ ರಸದಲ್ಲಿ ಏನೇನು ಸೂಕ್ಷ್ಮಜೀವಿ ಇದೆ ಅಂತ ಯಾರು ನೋಡುತ್ತಾರೆ? ಒಣಗಿದ ಕಣ್ಣಿನ ಮೇಲ್ಮೈಯಲ್ಲಿ ಮೊದಲೇ ಸಣ್ಣ ಸಣ್ಣ ಗಾಯ ಇರುತ್ತೆ. ಸೋಂಕು ಹಿಡಿಯಲು ಅಷ್ಟು ಸಾಕು.

ಕಾಡಿಗೆಯನ್ನು ರೆಪ್ಪೆಯ ಒಳ ಅಂಚಿಗೆ ಹಚ್ಚಿದರೆ ಎಣ್ಣೆ ಗ್ರಂಥಿಗಳ ಬಾಯಿ ಮೇಲೇ ಹಚ್ಚಿದ ಹಾಗಾಯಿತು. ಬೇಕೇ ಬೇಕು ಅಂದರೆ ಕೂದಲಿನ ಸಾಲಿನ ಹೊರಗೆ ಹಚ್ಚಿ, ಮಲಗುವ ಮುಂಚೆ ತೆಗೆಯಿರಿ.

ಮಗನಿಗೆ ಕಣ್ಣು ಬಂದಾಗ ತಂದ ಡ್ರಾಪ್ಸ್, ಪಕ್ಕದ ಮನೆಯವರಿಗೆ ವಾಸಿಯಾದ ಡ್ರಾಪ್ಸ್, ಇವು ಅತಿ ಅಪಾಯ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಎರಡೇ ದಿನಕ್ಕೆ ಕೆಂಪು ಹೋಗಿ ಕಣ್ಣು ಚೆನ್ನಾಗಿ ಕಾಣುತ್ತೆ. ಅದಕ್ಕೇ ಜನ ಬಿಡುವುದಿಲ್ಲ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಆಗಬಹುದು, ಪೊರೆ ಬೇಗ ಬರಬಹುದು. ಕಣ್ಣು ಬೆಳ್ಳಗಾಗಿಸುವ ಡ್ರಾಪ್ಸ್ ಕೂಡ ಬೇಡ. ಬಿಟ್ಟ ತಕ್ಷಣ ಮೊದಲಿಗಿಂತ ಜಾಸ್ತಿ ಕೆಂಪಾಗುತ್ತೆ.

ಹೆಜ್ಜೆ 3: ರೆಪ್ಪೆಗೆ ಶಾಖ

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ, ತಲೆಕೆಳಗು ಮಾಡಿದರೂ ಬೀಳುವುದಿಲ್ಲ ಅಲ್ವಾ? ಬಿಸಿಲಿಗಿಟ್ಟರೆ ತಾನೇ ಕರಗುತ್ತೆ. ರೆಪ್ಪೆಯ ಎಣ್ಣೆಗೂ ಬೇಕಿರುವುದು ಅಷ್ಟೇ: ಹದವಾದ ಬಿಸಿ, ಸಾಕಷ್ಟು ಹೊತ್ತು. ರೆಪ್ಪೆಯ ಹತ್ತಿರ ಸುಮಾರು 40 ಡಿಗ್ರಿ ಬಿಸಿ 5ರಿಂದ 10 ನಿಮಿಷ ನಿಲ್ಲಬೇಕು.

ಎಲ್ಲರೂ ಎಡವುವುದು ಈ ನಿಲ್ಲುವುದರಲ್ಲಿ. ಒದ್ದೆ ಬಟ್ಟೆ ಕಣ್ಣ ಮೇಲಿಟ್ಟ ಎರಡು ನಿಮಿಷಕ್ಕೆ ತಣ್ಣಗಾಗುತ್ತೆ. ತಣ್ಣಗಾದ ಬಟ್ಟೆ ಹತ್ತು ನಿಮಿಷ ಇಟ್ಟುಕೊಂಡು "ಶಾಖ ಕೊಟ್ಟೆ, ಏನೂ ಆಗಲಿಲ್ಲ" ಅಂದರೆ ಪ್ರಯೋಜನ ಇಲ್ಲ. ಅದಕ್ಕೆ ಅಡುಗೆಮನೆಯ ಹಾಟ್‌ಬಾಕ್ಸ್ ಬಳಸಿ, ಚಪಾತಿ ಇಡುತ್ತೀರಲ್ಲ, ಅದೇ. ಇದಕ್ಕೆ ಅಂತ ಒಂದು ಚಿಕ್ಕದು ಬೇರೆ ಇಟ್ಟುಕೊಂಡರೆ ಒಳ್ಳೆಯದು.

1. ಹಳೆಯ ಮೆತ್ತನೆ ಹತ್ತಿ ಪಂಚೆಯನ್ನು ಹರಿದು ಅಂಗೈ ಅಗಲದ ನಾಲ್ಕೈದು ತುಂಡು ಮಾಡಿ. ಒಗೆದು ಬಿಸಿಲಿಗೆ ಒಣಗಿಸಿ. ಪ್ರತಿ ತುಂಡನ್ನು ಎರಡು ಮೂರು ಮಡಿಕೆ ಮಡಿಸಿ.

2. ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಸುರುಳಿ ಸುತ್ತಿ ಹಾಟ್‌ಬಾಕ್ಸಿಗೆ ಹಾಕಿ ಮುಚ್ಚಿ.

3. ಕೈ ತೊಳೆದು ಬೆನ್ನಿಗೆ ಆಸರೆ ಕೊಟ್ಟು ಕೂರಿ, ಇಲ್ಲವೇ ಮಲಗಿ. ಒಂದು ತುಂಡು ತೆಗೆದು ಬಿಡಿಸಿ ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡಿ. ಕೈ ಹಿಂದೆಗೆಯಬೇಕು ಅನ್ನಿಸಿದರೆ ಅದು ಜಾಸ್ತಿ ಬಿಸಿ. ಗಾಳಿಯಲ್ಲಿ ಸ್ವಲ್ಪ ಆಡಿಸಿ.

4. ಕಣ್ಣು ಮುಚ್ಚಿ ಎರಡೂ ಕಣ್ಣಿನ ಮೇಲೆ ಇಡಿ. ಒತ್ತಬೇಡಿ. ಒಂದೂವರೆ ಎರಡು ನಿಮಿಷಕ್ಕೆ ಬಟ್ಟೆ ಬದಲಿಸಿ. ನಾಲ್ಕೈದು ತುಂಡು ಮುಗಿಯುವಷ್ಟರಲ್ಲಿ ಬೇಕಾದ ಹೊತ್ತು ಆಗಿರುತ್ತೆ.

5. ಬಟ್ಟೆ ತೆಗೆದ ಕೂಡಲೇ, ಎಣ್ಣೆ ಮತ್ತೆ ಗಟ್ಟಿಯಾಗುವ ಮೊದಲು, ಬೆರಳಿನಿಂದ ನೀವಿ. ಮೇಲಿನ ರೆಪ್ಪೆಗೆ ಕೆಳಗೆ ನೋಡುತ್ತಾ ಹುಬ್ಬಿನ ಕೆಳಗಿನಿಂದ ಕೂದಲಿನ ಕಡೆಗೆ. ಕೆಳಗಿನ ರೆಪ್ಪೆಗೆ ಮೇಲೆ ನೋಡುತ್ತಾ ಕೆಳಗಿನಿಂದ ಮೇಲಕ್ಕೆ. ಐದಾರು ಸಲ, ಹಗುರವಾಗಿ. ಕಣ್ಣುಗುಡ್ಡೆಯನ್ನು ಒತ್ತಬಾರದು.

6. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುದ್ಧ ಹತ್ತಿಯಿಂದ ರೆಪ್ಪೆಯ ಅಂಚನ್ನು ಒರೆಸಿ. ಗೀಜು, ಕೂದಲ ಬುಡದ ಹೊಟ್ಟು, ಹೊರಬಂದ ಎಣ್ಣೆ ಎಲ್ಲ ಹೋಗಲಿ. ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ.

ಮೊದಲ ತಿಂಗಳು ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಆಮೇಲೆ ದಿನಕ್ಕೊಂದು ಸಲ ಸಾಕು. ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕು. ಶಾಖ ಕೊಟ್ಟ ಮೇಲೆ ಸ್ವಲ್ಪ ಹೊತ್ತು ದೃಷ್ಟಿ ಮಂಜಾಗುವುದು ಸಹಜ, ಎಣ್ಣೆ ಹರಡಿರುತ್ತೆ.

ಸಕ್ಕರೆ ಕಾಯಿಲೆಯಿಂದ ಕೈ ಜೋಮು ಹಿಡಿದವರು ಬಿಸಿಯನ್ನು ತಾವೇ ಪರೀಕ್ಷೆ ಮಾಡಬಾರದು. ಮನೆಯಲ್ಲಿ ಬೇರೆಯವರು ಮುಟ್ಟಿ ನೋಡಲಿ. ಕಣ್ಣಿಗೆ ಇತ್ತೀಚೆಗೆ ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳದೆ ನೀವುವುದು ಬೇಡ. ಕಣ್ಣಿಗೆ ಸೋಂಕಿದ್ದಾಗಲೂ ಬೇಡ.

ಅಂಗಡಿಯಲ್ಲಿ ಸಿಗುವ, ಬಿಸಿ ಮಾಡಿ ಕಟ್ಟಿಕೊಳ್ಳುವ ಕಣ್ಣಿನ ಪಟ್ಟಿಗಳು ಇದಕ್ಕಿಂತ ಅನುಕೂಲ. ಕೈಯಲ್ಲಿ ಆದರೆ ಕೊಳ್ಳಿ. ಆಗದಿದ್ದರೆ ಪಂಚೆ ತುಂಡು, ಹಾಟ್‌ಬಾಕ್ಸ್ ಸಾಕು.

ಹೆಜ್ಜೆ 4: ರೆಪ್ಪೆ ಬಡಿಯುವುದನ್ನು ಮತ್ತೆ ಕಲಿಯಿರಿ

ಪ್ರತಿ ಸಲ ರೆಪ್ಪೆ ಪೂರ್ತಿ ಮುಚ್ಚಿದಾಗ ಗ್ರಂಥಿಯಿಂದ ಚೂರು ಎಣ್ಣೆ ಹೊರಬರುತ್ತೆ. ಸಾಮಾನ್ಯವಾಗಿ ನಿಮಿಷಕ್ಕೆ 15-20 ಸಲ ರೆಪ್ಪೆ ಬಡಿಯುತ್ತೇವೆ. ಮೊಬೈಲು ಹಿಡಿದರೆ ಅದು ಅರ್ಧಕ್ಕಿಂತ ಕೆಳಗಿಳಿಯುತ್ತೆ. ಬಡಿದರೂ ಅರೆಬರೆ. ಸಾಯಂಕಾಲದ ಧಾರಾವಾಹಿಗಳಲ್ಲಿ ಅತ್ತೆ ಸೊಸೆ ಮುಖಾಮುಖಿ ಆದಾಗ ಮನೆಯವರ ಕಣ್ಣು ನೋಡಿ, ಒಬ್ಬರೂ ರೆಪ್ಪೆ ಬಡಿಯುತ್ತಿರುವುದಿಲ್ಲ.

ಜಾಹೀರಾತು ಬಂದಾಗಲೆಲ್ಲ ಇದನ್ನು ಮಾಡಿ. ಕಣ್ಣು ಮೆತ್ತಗೆ ಮುಚ್ಚಿ, ಎರಡು ಎಣಿಸುವಷ್ಟು ಹಾಗೇ ಇರಿ, ಒಂದು ಸಲ ಹಗುರವಾಗಿ ಹಿಸುಕಿ, ತೆರೆಯಿರಿ. ಹತ್ತು ಸಲ. ಮೊಬೈಲು, ಓದು, ಹೊಲಿಗೆ, ಹೂ ಕಟ್ಟುವ ಕೆಲಸ ಇದ್ದಾಗ 20 ನಿಮಿಷಕ್ಕೊಮ್ಮೆ 20 ಸೆಕೆಂಡು ದೂರ ನೋಡಿ. ಟಿವಿ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದರೆ ರೆಪ್ಪೆ ಅಗಲ ತೆರೆದಿರುತ್ತೆ, ಕಣ್ಣು ಬೇಗ ಆರುತ್ತೆ. ಗೋಡೆಯಲ್ಲಿ ಎತ್ತರಕ್ಕೆ ಬಡಿಸಿದ ಟಿವಿಯನ್ನು ಇಳಿಸಲು ಆಗದಿದ್ದರೆ ನೆಲದಲ್ಲಿ ಕೂರುವ ಬದಲು ಕುರ್ಚಿಯಲ್ಲಿ ಕೂರಿ.

ಹೆಜ್ಜೆ 5: ಡ್ರಾಪ್ಸ್ ಆರಿಸುವುದು, ಹಾಕುವುದು

ಒಣಕಣ್ಣಿಗೆ ಹಾಕುವುದು ಕೃತಕ ಕಣ್ಣೀರು. ಬ್ರ್ಯಾಂಡ್ ಹೆಸರು ನೂರಾರು. ಒಳಗೇನಿದೆ ಅಂತ ಲೇಬಲ್ ನೋಡಿ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಂತ ಇದ್ದರೆ ಅದು ಸಾಮಾನ್ಯವಾಗಿ ಮೊದಲು ಕೊಡುವ ಔಷಧಿ. 0.5 ಶೇಕಡಾದ್ದು ತೆಳು, 1 ಶೇಕಡಾದ್ದು ಸ್ವಲ್ಪ ಮಂದ. ಸೋಡಿಯಂ ಹೈಲುರೋನೇಟ್ ಇರುವುದು ಇನ್ನೊಂದು ಬಗೆ. ಎಣ್ಣೆ ಅಂಶ ಇರುವ ಡ್ರಾಪ್ಸ್ ಗ್ರಂಥಿ ತೊಂದರೆ ಇರುವವರಿಗೆ ಹೊಂದುತ್ತೆ. ರಾತ್ರಿ ಮಲಗುವಾಗ ಜೆಲ್ ಅಥವಾ ಮುಲಾಮು. ಅದು ಕಣ್ಣು ಮಂಜು ಮಾಡುತ್ತೆ, ಆದ್ದರಿಂದ ಎಲ್ಲ ಕೆಲಸ ಮುಗಿಸಿ ಹಾಕಿ. ಜನೌಷಧಿ ಕೇಂದ್ರದಲ್ಲಿ ಕಮ್ಮಿ ಬೆಲೆಗೆ ಇದೆಯಾ ಅಂತ ಮೊದಲು ಕೇಳಿ.

ಲೇಬಲ್ಲಿನಲ್ಲಿ ಇನ್ನೊಂದು ನೋಡಬೇಕು: ಬೆನ್ಜಾಲ್ಕೋನಿಯಂ ಕ್ಲೋರೈಡ್. ಇದು ಡ್ರಾಪ್ಸ್ ಕೆಡದಂತೆ ಹಾಕುವ ರಾಸಾಯನಿಕ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕುವವರಿಗೆ ಇದೇ ಕಣ್ಣನ್ನು ಕೆರಳಿಸುತ್ತೆ. ಅಂಥವರು ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಬೇಕು. ಬೆಲೆ ಜಾಸ್ತಿ, ಆದರೆ ದಿನವಿಡೀ ಹಾಕುವವರಿಗೆ ಅದೇ ಸರಿ.

ಹಾಕುವ ಕ್ರಮ ಹೀಗೆ. ಕೈ ತೊಳೆಯಿರಿ. ತಲೆ ಹಿಂದಕ್ಕೆ ಬಾಗಿಸಿ, ಮೇಲೆ ನೋಡಿ. ಕೆಳಗಿನ ರೆಪ್ಪೆಯನ್ನು ಎಳೆದರೆ ಸಣ್ಣ ಚೀಲದ ಹಾಗೆ ಜಾಗ ಆಗುತ್ತೆ. ಅದರೊಳಗೆ ಒಂದು ಹನಿ. ಎರಡು ಮೂರು ಹಾಕಿದರೆ ಕಣ್ಣಿನಲ್ಲಿ ಹಿಡಿಸುವುದಿಲ್ಲ, ಕೆನ್ನೆಗೆ ಹೋಗುತ್ತೆ. ಬಾಟಲಿ ತುದಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಬಾರದು. ಒಂದು ನಿಮಿಷ ಕಣ್ಣು ಮುಚ್ಚಿಕೊಂಡಿರಿ. ಬೇರೆ ಡ್ರಾಪ್ಸ್ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ, ಮುಲಾಮು ಎಲ್ಲಕ್ಕಿಂತ ಕೊನೆಗೆ. ಮುಚ್ಚಳ ತೆರೆದ ದಿನದ ತಾರೀಕನ್ನು ಬಾಟಲಿ ಮೇಲೆ ಬರೆಯಿರಿ. ಸಾಮಾನ್ಯ ಬಾಟಲಿ ಒಂದು ತಿಂಗಳಾದ ಮೇಲೆ ಮಿಕ್ಕಿದ್ದರೂ ಎಸೆಯಬೇಕು. ಇದನ್ನು ಹೇಳಿದರೆ ನಮ್ಮವರಿಗೆ ಹೊಟ್ಟೆ ಉರಿಯುತ್ತೆ. ಆದರೂ ಎಸೆಯಿರಿ.

ಉರಿ ಬಂದಾಗ ಮಾತ್ರ ಹಾಕುವುದಕ್ಕಿಂತ ಹೊತ್ತು ಹೊತ್ತಿಗೆ ಹಾಕುವುದು ಮೇಲು. ಬೆಳಗ್ಗೆ ಕಾಫಿ, ಮಧ್ಯಾಹ್ನದ ಊಟ, ಸಂಜೆ ದೀಪ, ರಾತ್ರಿ ಮಲಗುವುದು, ಈ ನಾಲ್ಕಕ್ಕೆ ಜೋಡಿಸಿಕೊಂಡರೆ ಮರೆಯುವುದಿಲ್ಲ.

ಹೆಜ್ಜೆ 6: ಗಾಳಿ, ಹೊಗೆ, ದೂಳು

ನಮ್ಮ ಕಡೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಾಳಿ ಒಣಗಿರುತ್ತೆ. ಮೊದಲ ಮಳೆ ಬರುವವರೆಗೆ ಒಣಕಣ್ಣಿನವರಿಗೆ ಕಷ್ಟಕಾಲ. ಆ ತಿಂಗಳುಗಳಲ್ಲಿ ಶಾಖ, ಡ್ರಾಪ್ಸ್ ಯಾವುದನ್ನೂ ತಪ್ಪಿಸಬೇಡಿ.

ಫ್ಯಾನಿನ ನೇರ ಕೆಳಗೆ ಮಲಗಬೇಡಿ. ಮಂಚ ಸರಿಸಲು ಜಾಗ ಇಲ್ಲದಿದ್ದರೆ ತಲೆದಿಂಬನ್ನು ಕಾಲ ಕಡೆಗೆ ಹಾಕಿ ನೋಡಿ. ಕಾರಿನಲ್ಲಿ, ಎ.ಸಿ. ಬಸ್ಸಿನಲ್ಲಿ ಗಾಳಿ ಬರುವ ಕಿಂಡಿಯನ್ನು ಮುಖದಿಂದ ತಿರುಗಿಸಿ. ಮೈಸೂರು-ಬೆಂಗಳೂರು ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಎಲ್ಲರಿಗೂ ಇಷ್ಟವೇ. ಕೂತರೆ ಕನ್ನಡಕ ಹಾಕಿಕೊಳ್ಳಿ. ಸ್ಕೂಟರಿನ ಹಿಂದೆ ಕೂರುವವರೂ ಅಷ್ಟೆ. ಪಕ್ಕದಿಂದಲೂ ಗಾಳಿ ತಡೆಯುವ, ಮುಖಕ್ಕೆ ಒತ್ತಿಕೊಂಡು ಕೂರುವ ಕನ್ನಡಕ ಸಿಗುತ್ತೆ. ಪವರ್ ಇಲ್ಲದವರಿಗೂ ಅದು ಉಪಯೋಗ.

ಆಲೆಮನೆಯಲ್ಲಿ ಕೆಲಸ ಮಾಡುವವರ ಪಾಡು ಬೇರೆ. ಕಬ್ಬಿನ ಸಿಪ್ಪೆ ಉರಿಸಿದ ಹೊಗೆ, ಹಾರುವ ಬೂದಿ, ಕೊಪ್ಪರಿಗೆಯ ಬಿಸಿ ಮೂರೂ ಒಟ್ಟಿಗೆ. ಒಲೆಗೆ ಸಿಪ್ಪೆ ಹಾಕುವ ಕೆಲಸವನ್ನು ಬೇರೆಯವರಿಗೆ ಕೊಟ್ಟು, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಹಾಕಿ ಕೂರುವ ಕೆಲಸ ಕೇಳಿಕೊಳ್ಳಿ. ಸುಗ್ಗಿಯಲ್ಲಿ ಭತ್ತ ತೂರುವಾಗ ಕನ್ನಡಕ ಬೇಕೇ ಬೇಕು. ಮೈಸೂರಿನಲ್ಲಿ ಊದುಬತ್ತಿ ಹೊಸೆಯುವವರು ಕೈ ತೊಳೆಯದೆ ಕಣ್ಣು ಮುಟ್ಟಬಾರದು. ಸೌದೆ ಒಲೆ ಇನ್ನೂ ಇರುವ ಮನೆಯಲ್ಲಿ ಸ್ನಾನದ ನೀರು ಕಾಯಿಸುವ ಕೆಲಸ ನಿಮ್ಮದಾಗಿದ್ದರೆ ಮನೆಯ ಗಂಡಸರಿಗೆ ವಹಿಸಿ. ಅವರ ಕಣ್ಣಿಗೂ ಹೊಗೆ ಆಗದು ನಿಜ, ಆದರೆ ಎಣ್ಣೆ ಗ್ರಂಥಿ ಇನ್ನೂ ಚೆನ್ನಾಗಿರುತ್ತೆ!

ಹೆಜ್ಜೆ 7: ಮಾತ್ರೆ ಡಬ್ಬಿ ತೆರೆಯಿರಿ

ನೀವು ದಿನಾ ನುಂಗುವ ಮಾತ್ರೆಯೇ ಕಣ್ಣು ಒಣಗಿಸುತ್ತಿರಬಹುದು. ನೆಗಡಿ, ಅಲರ್ಜಿಗೆ ತೆಗೆದುಕೊಳ್ಳುವ ಸೆಟ್ರಿಜಿನ್, ಕ್ಲೋರ್‌ಫೆನಿರಮಿನ್, ನಿದ್ದೆಗೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಬಿ.ಪಿ.ಗೆ ಕೊಡುವ ಮೂತ್ರ ಹೋಗಿಸುವ ಮಾತ್ರೆ. ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್. ಗ್ಲಾಕೋಮಾ ಡ್ರಾಪ್ಸ್ ಕೂಡ ಈ ಸಾಲಿಗೆ ಸೇರುತ್ತೆ. ಇದನ್ನು ಓದಿ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಬಿ.ಪಿ., ಗ್ಲಾಕೋಮಾ ಔಷಧಿ ನಿಲ್ಲಿಸಿದರೆ ಆಗುವ ನಷ್ಟ ಕಣ್ಣುರಿಗಿಂತ ಎಷ್ಟೋ ದೊಡ್ಡದು. ಎಲ್ಲ ಹಾಳೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ ಮುಂದಿಡಿ, ಬದಲಿ ಇದೆಯಾ ಅಂತ ಕೇಳಿ.

ಈ ವಯಸ್ಸಿನವರು ಕೇಳುವ ಇನ್ನೆರಡು ಮಾತ್ರೆಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಾರ್ಮೋನು ಇಳಿದದ್ದರಿಂದ ತಾನೇ ತೊಂದರೆ, ಹಾರ್ಮೋನು ಮಾತ್ರೆ ತೆಗೆದುಕೊಂಡರೆ ಸರಿಹೋಗಬೇಕಲ್ಲ ಅಂತ ಅನ್ನಿಸುತ್ತೆ. ಆದರೆ 2001ರಲ್ಲಿ ಅಮೆರಿಕದಲ್ಲಿ 25,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದವರಲ್ಲಿ ಒಣಕಣ್ಣು ಇನ್ನೂ ಜಾಸ್ತಿ ಕಂಡಿತ್ತು. ಬಿಸಿ ಅಲೆ, ಮೂಳೆ ಸವೆತಕ್ಕೆ ಅಂತ ಡಾಕ್ಟರಮ್ಮ ಹಾರ್ಮೋನು ಕೊಟ್ಟಿದ್ದರೆ ಅದು ಬೇರೆ ಮಾತು. ಕಣ್ಣಿಗೋಸ್ಕರ ಅದನ್ನು ಕೇಳಬೇಡಿ. ಮೀನೆಣ್ಣೆ ಕ್ಯಾಪ್ಸೂಲಿನ ಕಥೆಯೂ ಹೀಗೇ. 2018ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 3,000 ಮಿಲಿಗ್ರಾಂ ಒಮೆಗಾ-3 ಕೊಟ್ಟವರಿಗೂ ಆಲಿವ್ ಎಣ್ಣೆ ಕೊಟ್ಟವರಿಗೂ ಒಂದು ವರ್ಷದ ಮೇಲೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ದುಬಾರಿ ಕ್ಯಾಪ್ಸೂಲಿಗೆ ಸುರಿಯುವ ದುಡ್ಡನ್ನು ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸಿಗೆ ಹಾಕುವುದು ಜಾಣತನ. ನುಗ್ಗೆಸೊಪ್ಪು, ಪರಂಗಿಹಣ್ಣು ಧಾರಾಳವಾಗಿ ತಿನ್ನಿ. ಆದರೆ ಅದರಿಂದಲೇ ಈ ತೊಂದರೆ ಹೋಗುತ್ತೆ ಅಂತ ಕಾಯಬೇಡಿ.

ಹೆಜ್ಜೆ 8: ಕಣ್ಣಿನ ಡಾಕ್ಟರ ಹತ್ತಿರ

ಆರು ವಾರ ಇಷ್ಟೆಲ್ಲ ಮಾಡಿಯೂ ಗುಣ ಕಾಣದಿದ್ದರೆ, ಇಲ್ಲವೇ ಮೊದಲಿಂದಲೂ ಜೋರಾಗಿದ್ದರೆ ಹೋಗಬೇಕು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ಕಣ್ಣಿನ ವಿಭಾಗ ಇದೆ. ಕನ್ನಡಕದ ಅಂಗಡಿಯಲ್ಲಿ ಪವರ್ ನೋಡಿಸಿದ್ದನ್ನು ಕಣ್ಣಿನ ತಪಾಸಣೆ ಅಂತ ಲೆಕ್ಕ ಹಿಡಿಯಬೇಡಿ. ಹೋಗುವ ದಿನ ಕಾಡಿಗೆ ಬೇಡ. ಹೋಗುವ ಮುಂಚೆ ಡ್ರಾಪ್ಸ್ ಹಾಕಬೇಡಿ, ಗ್ಲಾಕೋಮಾದ್ದನ್ನು ಮಾತ್ರ ಬಿಡಬೇಡಿ.

ಹಳದಿ ಬಣ್ಣದ ಔಷಧಿ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ರೆಪ್ಪೆ ಬಡಿದ ಮೇಲೆ ಕಣ್ಣೀರ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತೆ ಅಂತ ಎಣಿಸುತ್ತಾರೆ. 10 ಸೆಕೆಂಡಿಗಿಂತ ಕಮ್ಮಿ ಇದ್ದರೆ ಬೇಗ ಆರುತ್ತಿದೆ ಅಂತ ಅರ್ಥ. ಇನ್ನೊಂದು, ಕೆಳಗಿನ ರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುವುದು. ಜರ್ಮನಿಯ ಷಿರ್ಮರ್ 1903ರಲ್ಲಿ ಶುರುಮಾಡಿದ ಪರೀಕ್ಷೆ, ಈಗಲೂ ನಡೆಯುತ್ತಿದೆ. 5 ಮಿಲಿಮೀಟರಿಗಿಂತ ಕಮ್ಮಿ ಒದ್ದೆಯಾದರೆ ನೀರೇ ಬಹಳ ಕಮ್ಮಿ ಇದೆ ಅಂತ. ನೋವಿಲ್ಲ, ಸ್ವಲ್ಪ ಕಿರಿಕಿರಿ. "ಎಣ್ಣೆ ಗ್ರಂಥಿ ಹೇಗಿದೆ ಡಾಕ್ಟ್ರೇ, ಒತ್ತಿ ನೋಡಿದ್ರಾ?" ಅಂತ ನೀವೇ ಕೇಳಿ. ಓಪಿಡಿಯ ಗಡಿಬಿಡಿಯಲ್ಲಿ ಇದು ಬಿಟ್ಟುಹೋಗುವುದುಂಟು.

ಬಾಯಿ ಒಣಗುತ್ತಾ, ಒಣ ರೊಟ್ಟಿ ನುಂಗಲು ನೀರು ಬೇಕಾ, ಬೆರಳ ಗಂಟು ನೋಯುತ್ತಾ? ಇದ್ದರೆ ಮರೆಯದೆ ಹೇಳಿ. 1933ರಲ್ಲಿ ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಷೋಗ್ರೆನ್ ಹತ್ತೊಂಬತ್ತು ಹೆಂಗಸರಲ್ಲಿ ಇದೇ ಜೋಡಿಯನ್ನು ವಿವರಿಸಿದರು. ಹೆಚ್ಚಿನವರು ಮುಟ್ಟು ನಿಂತವರು. ಮೈಯ ರಕ್ಷಣಾ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುವ ಕಾಯಿಲೆ ಅದು. ಇವತ್ತಿಗೂ ಈ ಕಾಯಿಲೆ ಬರುವ ಹತ್ತರಲ್ಲಿ ಒಂಬತ್ತು ಜನ ಹೆಂಗಸರೇ. ಅದಕ್ಕೆ ರಕ್ತ ಪರೀಕ್ಷೆ, ಬೇರೆ ಚಿಕಿತ್ಸೆ ಇದೆ. ಥೈರಾಯ್ಡ್ ಪರೀಕ್ಷೆಯನ್ನೂ ಕೇಳಬಹುದು.

ಮುಂದಿನ ಚಿಕಿತ್ಸೆಯಲ್ಲಿ ಸೈಕ್ಲೋಸ್ಪೋರಿನ್ ಡ್ರಾಪ್ಸ್ ಬರಬಹುದು. ಹಾಕಿದಾಗ ಉರಿಯುತ್ತೆ, ಫಲಕ್ಕೆ ಮೂರು ತಿಂಗಳಾದರೂ ಬೇಕು. ಹದಿನೈದು ದಿನಕ್ಕೆ ಕೈಬಿಡುವವರೇ ಜಾಸ್ತಿ. ಡಾಕ್ಟರು ಕೆಲವು ವಾರಕ್ಕೆ ಸ್ಟಿರಾಯ್ಡ್ ಡ್ರಾಪ್ಸ್ ಕೊಡಬಹುದು. ಅವರ ಕಣ್ಗಾವಲಿನಲ್ಲಿ ಅದು ಸರಿ. ಮುಗಿದ ಮೇಲೆ ಅದೇ ಚೀಟಿ ಹಿಡಿದು ಮತ್ತೆ ಕೊಳ್ಳಬಾರದು. ಕಣ್ಣೀರು ಮೂಗಿಗೆ ಇಳಿಯುವ ತೂತಿಗೆ ಸಣ್ಣ ಬಿರಡೆ ಹಾಕಿ ಇದ್ದ ನೀರನ್ನು ಕಣ್ಣಲ್ಲೇ ಉಳಿಸುವ ವಿಧಾನವೂ ಇದೆ, ಆಪರೇಷನ್ ಬೇಕಿಲ್ಲ.

ಪೊರೆ ಆಪರೇಷನ್ ಇದ್ದರೆ

ಮುಟ್ಟು ನಿಂತ ಕೆಲ ವರ್ಷಕ್ಕೆ ಪೊರೆಯ ಮಾತೂ ಬರುತ್ತೆ. ಆಪರೇಷನ್ನಿಗೆ ಮುಂಚೆ ಕಣ್ಣಿನ ಅಳತೆ ತೆಗೆದು ಯಾವ ಪವರಿನ ಲೆನ್ಸ್ ಅಂತ ಲೆಕ್ಕ ಹಾಕುತ್ತಾರೆ. ಕಣ್ಣು ಒಣಗಿದ್ದರೆ ಆ ಅಳತೆಯೇ ತಪ್ಪಬಹುದು. ಆಪರೇಷನ್ ಆದ ಮೇಲೆ ಕೆಲವು ತಿಂಗಳು ಒಣಗುವುದು ಇನ್ನೂ ಹೆಚ್ಚುತ್ತೆ. "ಆಪರೇಷನ್ ಮಾಡಿಸಿದ ಮೇಲೇ ಕಣ್ಣು ಕೆಟ್ಟಿತು" ಅಂತ ಬೈದುಕೊಳ್ಳುವವರಲ್ಲಿ ಎಷ್ಟೋ ಜನಕ್ಕೆ ಮೊದಲೇ ಒಣಕಣ್ಣು ಇದ್ದಿರುತ್ತೆ. ಹಾಗಾಗಿ ತಪಾಸಣಾ ಶಿಬಿರದಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ಪೊರೆಗೆ ತಾರೀಕು ಕೊಡುವ ಮೊದಲೇ ನಿಮಗೆ ಒಣಕಣ್ಣು ಇದೆ ಅಂತ ಹೇಳಿ. ಒಂದೆರಡು ತಿಂಗಳು ಶಾಖ, ಡ್ರಾಪ್ಸ್ ಸರಿಯಾಗಿ ಮಾಡಿ, ಅಳತೆಯನ್ನು ಆಮೇಲೆ ತೆಗೆಸಿ. ಆಪರೇಷನ್ ಆದ ಮೇಲೆ ಶಾಖ ಮತ್ತೆ ಯಾವಾಗ ಶುರು ಮಾಡಬಹುದು ಅಂತ ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.